ಡಿಸ್ಚಾರ್ಜ್ ಆದ ನಂತರದ ಒಂದು ವರ್ಷ

1955ರ ಸೆಪ್ಟೆಂಬರ್ 23ರಂದು ಅಮೆರಿಕದ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ ಡೆನ್ವರ್‌ನಲ್ಲಿ ರಜೆಯ ಮೇಲಿದ್ದರು. ಅಂದು ಗಾಲ್ಫ್ ಆಡುವಾಗ ಮೇಲಿಂದ ಮೇಲೆ ಫೋನ್ ಕರೆ ಬಂದು ಅವರ ಸಿಟ್ಟು ನೆತ್ತಿಗೇರಿತ್ತು. ಮಧ್ಯಾಹ್ನ ಹಸಿ ಈರುಳ್ಳಿ ಹಾಕಿದ ಹ್ಯಾಂಬರ್ಗರ್ ತಿಂದರು. ಹೊಟ್ಟೆ ಸರಿಯಿಲ್ಲ ಅನ್ನಿಸಿದರೂ ಮತ್ತೆ ಆಟಕ್ಕಿಳಿದರು. ಆ ರಾತ್ರಿ ಅತ್ತೆಯ ಮನೆಯಲ್ಲಿ ಮಲಗಿದ್ದಾಗ ಎದೆನೋವು ಕಾಣಿಸಿಕೊಂಡಿತು. ಪತ್ರಕರ್ತರಿಗೆ ಮೊದಲು ಸಿಕ್ಕ ಸುದ್ದಿ, ಅಧ್ಯಕ್ಷರಿಗೆ ಅಜೀರ್ಣವಾಗಿದೆ ಎಂಬುದು. ಮರುದಿನ ಮಧ್ಯಾಹ್ನ ಇಸಿಜಿ ತೆಗೆದ ಮೇಲೆ ಅದು ಹೃದಯಾಘಾತ ಎಂದು ಖಚಿತವಾಯಿತು. ಅವರಿಗಾಗ 64 ವರ್ಷ. ಒಂದು ಕಾಲದಲ್ಲಿ ದಿನಕ್ಕೆ ಮೂರು ನಾಲ್ಕು ಪ್ಯಾಕ್ ಸಿಗರೇಟು ಸೇದಿದವರು, 1949ರಲ್ಲಿ ಬಿಟ್ಟಿದ್ದರು.

ಸೋಮವಾರ ಷೇರುಪೇಟೆ ತೆರೆದಾಗ ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನಕ್ಕೆ ಶೇ 6ಕ್ಕೂ ಹೆಚ್ಚು ಕುಸಿಯಿತು. ಜನ ಹೆದರಿದ್ದಕ್ಕೆ ಕಾರಣವಿತ್ತು. ಅಂದಿನ ಲೆಕ್ಕದಲ್ಲಿ ಹೃದಯಾಘಾತವಾದ ಮನುಷ್ಯನ ಕೆಲಸದ ಬದುಕು ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ಬದುಕಿ ಉಳಿದರೆ ಅದೇ ದೊಡ್ಡದು, ಇನ್ನು ಮೂಲೆಯಲ್ಲಿ ಕೂತು ಉಳಿದ ದಿನ ಎಣಿಸಬೇಕು.

ಬಾಸ್ಟನ್ನಿನಿಂದ ಕರೆಸಿದ ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ಹಾಗೆ ಎಣಿಸಲಿಲ್ಲ. ಸ್ವತಃ ಸೈಕಲ್ ತುಳಿಯುವ, ಬೇಕಾದಷ್ಟು ನಡೆಯುವ ವೈದ್ಯ ಅವರು. ಪತ್ರಿಕಾಗೋಷ್ಠಿಯಲ್ಲಿ ಹೃದಯದ ಸ್ನಾಯುವಿಗೆ ಏನಾಗಿದೆ, ಅದು ಹೇಗೆ ವಾಸಿಯಾಗುತ್ತದೆ ಎನ್ನುವುದನ್ನು ಇಡೀ ದೇಶಕ್ಕೆ ಪಾಠ ಹೇಳಿದ ಹಾಗೆ ಬಿಡಿಸಿ ಹೇಳಿದರು. ಅಧ್ಯಕ್ಷರು ಮತ್ತೆ ಕೆಲಸಕ್ಕೆ ಮರಳಬಲ್ಲರು ಎಂಬ ಭರವಸೆಯನ್ನೂ ಕೊಟ್ಟರು. ಐಸೆನ್‌ಹೋವರ್ ನವೆಂಬರ್ 11ರಂದು ಆಸ್ಪತ್ರೆ ಬಿಟ್ಟರು. ಮಧ್ಯಾಹ್ನದ ವಿಶ್ರಾಂತಿ ದಿನಚರಿಗೆ ಸೇರಿತು, ಗಾಲ್ಫ್ ಮತ್ತೆ ಶುರುವಾಯಿತು. 1956ರಲ್ಲಿ ಎರಡನೆಯ ಸಲ ಚುನಾವಣೆ ಗೆದ್ದು 1961ರವರೆಗೆ ಅಧಿಕಾರದಲ್ಲಿದ್ದರು. ಮುಂದೆ ಮತ್ತೆ ಹೃದಯಾಘಾತಗಳಾದವು, 1969ರಲ್ಲಿ ಹೃದಯದ ಕಾಯಿಲೆಯಿಂದಲೇ ತೀರಿಕೊಂಡರು. ಆದರೆ ನಡುವೆ 13 ವರ್ಷಗಳಿದ್ದವು.

ವೈಟ್ ಅವರಿಗೆ ಆ ಧೈರ್ಯ ಬಂದದ್ದು ಸುಮ್ಮನೆ ಅಲ್ಲ. ಅದಕ್ಕೂ ಕೆಲವು ವರ್ಷ ಹಿಂದಿನವರೆಗೆ ಹೃದಯಾಘಾತದ ರೋಗಿಯನ್ನು ನಾಲ್ಕರಿಂದ ಆರು ವಾರ ಅಂಗಾತ ಮಲಗಿಸುತ್ತಿದ್ದರು. ಮಗ್ಗುಲು ಬದಲಿಸಲೂ ನರ್ಸ್ ಬೇಕು, ಊಟವನ್ನೂ ಬೇರೆಯವರೇ ಮಾಡಿಸಬೇಕು. ಹೃದಯಕ್ಕೆ ವಿಶ್ರಾಂತಿ ಸಿಗಲಿ ಎಂಬುದು ಉದ್ದೇಶ. ಆದರೆ ಹಾಗೆ ಮಲಗಿದವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡು ಎಷ್ಟೋ ಜನ ಸಾಯುತ್ತಿದ್ದರು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಅವರ ಶಿಷ್ಯ ಬರ್ನಾರ್ಡ್ ಲೌನ್ ಒಂದು ವರದಿ ಪ್ರಕಟಿಸಿದರು. ಆಘಾತವಾದ ಮೊದಲ ದಿನಗಳಲ್ಲೇ ರೋಗಿಯನ್ನು ಎಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸಿದ ಪ್ರಯೋಗದ ವರದಿ ಅದು. ಇದು ರೋಗಿಯನ್ನು ಕೊಲ್ಲುವ ಕೆಲಸ ಎಂದು ಸಹೋದ್ಯೋಗಿಗಳೇ ವಿರೋಧಿಸಿದ್ದರು. ಕೂತವರು ಸಾಯಲಿಲ್ಲ. ಅವರ ಮುಖದಲ್ಲಿ ಗೆಲುವು ಬಂತು, ಬೇಗ ಚೇತರಿಸಿಕೊಂಡರು. (ಇದೇ ಲೌನ್ ಮುಂದೆ ಅಣ್ವಸ್ತ್ರಗಳ ವಿರುದ್ಧ ವೈದ್ಯರ ಸಂಘಟನೆ ಕಟ್ಟಿದರು, ಆ ಸಂಘಟನೆಗೆ 1985ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು.)

ಇವತ್ತು ಚಿಕಿತ್ಸೆ ಗುರುತೇ ಸಿಗದಷ್ಟು ಬದಲಾಗಿದೆ. ಮಣಿಕಟ್ಟಿನ ಸಣ್ಣ ತೂತಿನಿಂದ ತಂತಿ ತೂರಿಸಿ, ಮುಚ್ಚಿದ ರಕ್ತನಾಳ ತೆರೆದು, ಸ್ಟೆಂಟ್ ಕೂರಿಸಿ ಮೂರನೆಯ ನಾಲ್ಕನೆಯ ದಿನಕ್ಕೆ ಮನೆಗೆ ಕಳಿಸುತ್ತಾರೆ. ಆರು ವಾರದ ಹಾಸಿಗೆ ಹೋಯಿತು, ಒಳ್ಳೆಯದೇ ಆಯಿತು. ಆದರೆ ಆ ಆರು ವಾರಗಳಲ್ಲಿ ರೋಗಿ ಮತ್ತು ಮನೆಯವರು ತಮ್ಮ ಬದುಕಿನ ಬಗ್ಗೆ ಕೂತು ಯೋಚಿಸಲು ಇದ್ದ ಬಿಡುವೂ ಅದರ ಜೊತೆಗೇ ಹೋಯಿತು.

ಯಾವುದೇ ಹೃದ್ರೋಗ ವಾರ್ಡಿನಲ್ಲಿ ಡಿಸ್ಚಾರ್ಜ್ ಹೊತ್ತಿನಲ್ಲಿ ನಿಂತು ನೋಡಿದರೆ ಇದು ಕಣ್ಣಿಗೆ ಬೀಳುತ್ತದೆ. ಮಗ ಬಿಲ್ ಕೌಂಟರಿನಲ್ಲಿ ವಿಮೆಯ ಅನುಮತಿಗೆ ಕಾಯುತ್ತಿರುತ್ತಾನೆ. ಹೆಂಡತಿ ಫ್ಲಾಸ್ಕು, ಚಾಪೆ, ಹೊದಿಕೆ ಚೀಲಕ್ಕೆ ತುಂಬುತ್ತಿರುತ್ತಾಳೆ. ಮಣಿಕಟ್ಟಿನ ಮೇಲೆ ಪ್ಲಾಸ್ಟರ್ ಅಂಟಿಸಿಕೊಂಡ ಯಜಮಾನರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿರುತ್ತಾರೆ. ಆಗ ನರ್ಸ್ ಬಂದು ಒಂದು ಫೈಲು, ಆಂಜಿಯೋಗ್ರಾಂ ಸಿಡಿ, ಮಾತ್ರೆಗಳ ಕವರು ಕೊಡುತ್ತಾರೆ. ಡಿಸ್ಚಾರ್ಜ್ ಹಾಳೆಯಲ್ಲಿ ಏಳೆಂಟು ಮಾತ್ರೆಗಳ ಹೆಸರು, ಪಕ್ಕದಲ್ಲಿ 1-0-0, 0-0-1, 1-0-1. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಎದೆನೋವು ಬಂದರೆ ಮಾತ್ರ. ಹಾಳೆಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು: ಉಪ್ಪು, ಕೊಬ್ಬು ಕಡಿಮೆ ಮಾಡಿ, ಹೆಚ್ಚು ಶ್ರಮ ಬೇಡ. ಹದಿನೈದು ದಿನ ಬಿಟ್ಟು ಬನ್ನಿ. ಮುಂದಿನ ಇಪ್ಪತ್ತು ಮೂವತ್ತು ವರ್ಷಗಳ ಬದುಕಿಗೆ ಸಿಗುವ ಮಾರ್ಗದರ್ಶನ ಬಹಳಷ್ಟು ಕಡೆ ಇಷ್ಟೇ.

ಮನೆಗೆ ಬಂದ ಮೇಲೆ ಎರಡರಲ್ಲಿ ಒಂದು ನಡೆಯುತ್ತದೆ. ಕೆಲವು ಮನೆಗಳಲ್ಲಿ ಭಯ ಗೆಲ್ಲುತ್ತದೆ. "ನೀವೇನೂ ಮಾಡ್ಬೇಡಿ ಅಪ್ಪಾ, ನಾವಿದ್ದೀವಲ್ಲ" ಎನ್ನುತ್ತ ಮೆಟ್ಟಿಲು ಹತ್ತಲು ಬಿಡುವುದಿಲ್ಲ, ಸಂತೆಗೆ ಕಳಿಸುವುದಿಲ್ಲ, ಕೆಟ್ಟ ಸುದ್ದಿ ಕಿವಿಗೆ ಬೀಳದಂತೆ ನೋಡಿಕೊಳ್ಳುತ್ತಾರೆ. ನೋಡಲು ಬಂದವರು ಸೇಬು, ಎಳನೀರು ತಂದು ಒಬ್ಬೊಬ್ಬರು ಒಂದೊಂದು ಪಥ್ಯ ಹೇಳುತ್ತಾರೆ. ಐವತ್ತರ ಗಟ್ಟಿ ಮನುಷ್ಯ ಮೂರು ತಿಂಗಳಲ್ಲಿ ಮುದುಕನಾಗುತ್ತಾನೆ. ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತದ್ವಿರುದ್ಧ. "ನಂಗೇನಾಗಿದೆ ಕಣೇ, ಸ್ಟೆಂಟ್ ಹಾಕಾಯ್ತಲ್ಲ, ಮೈಲ್ಡ್ ಅಟ್ಯಾಕ್ ಅಷ್ಟೇ" ಎಂದು ತಿಂಗಳೊಳಗೆ ಹಳೆಯ ಅಂಗಡಿ, ಹಳೆಯ ಬೀಡಿ, ರಾತ್ರಿ ಹನ್ನೊಂದರ ಊಟ ಎಲ್ಲ ವಾಪಸ್ಸು. ಎರಡೂ ಕಡೆ ಕೊರತೆ ಒಂದೇ: ಮುಂದಿನ ಬದುಕು ಹೇಗಿರಬೇಕು ಎಂದು ಯಾರೂ ಕೂತು ಮಾತಾಡಿಲ್ಲ.

ಐಸಿಯುನಲ್ಲಿ ಎಲ್ಲರೂ ಪ್ರತಿಜ್ಞೆ ಮಾಡುತ್ತಾರೆ. ಇದು ಪುನರ್ಜನ್ಮ, ಇನ್ನು ಸಿಗರೇಟು ಮುಟ್ಟುವುದಿಲ್ಲ, ಮಕ್ಕಳ ಜೊತೆ ಇರುತ್ತೇನೆ, ದುಡ್ಡಿನ ಹಿಂದೆ ಓಡುವುದಿಲ್ಲ. ಆ ಮಾತುಗಳಲ್ಲಿ ಸುಳ್ಳಿರುವುದಿಲ್ಲ. ಎಷ್ಟು ಉಳಿಯುತ್ತವೆ ಎಂಬುದಕ್ಕೆ ಒಂದು ದೊಡ್ಡ ಲೆಕ್ಕವಿದೆ. ಭಾರತವೂ ಸೇರಿ 17 ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ 'ಪ್ಯೂರ್' ಅಧ್ಯಯನದಲ್ಲಿ ಹೃದಯಾಘಾತದಂಥ ಹೃದ್ರೋಗವನ್ನೋ ಪಾರ್ಶ್ವವಾಯುವನ್ನೋ ಕಂಡು ಉಳಿದವರು 7,500ಕ್ಕೂ ಹೆಚ್ಚು ಮಂದಿ ಇದ್ದರು. ತಂಬಾಕು ಬಿಡುವುದು, ಒಳ್ಳೆಯ ಆಹಾರ, ಸಾಕಷ್ಟು ದೈಹಿಕ ಚಟುವಟಿಕೆ, ಈ ಮೂರನ್ನೂ ಪಾಲಿಸುತ್ತಿದ್ದವರು ಎಷ್ಟು ಜನ ಎಂದು ನೋಡಿದರೆ ಶೇ 4.3. ನೂರಕ್ಕೆ ಐವರೂ ಇಲ್ಲ. ಶೇ 18ರಷ್ಟು ಜನ ಇನ್ನೂ ಸೇದುತ್ತಲೇ ಇದ್ದರು. 2013ರಲ್ಲಿ ಈ ಅಂಕಿಗಳು ಪ್ರಕಟವಾದವು. ಅದಕ್ಕೂ ಎರಡು ವರ್ಷ ಮೊದಲು ಅದೇ ಅಧ್ಯಯನ ಇನ್ನೊಂದು ಸಂಗತಿ ಹೇಳಿತ್ತು: ಬಡ ದೇಶಗಳಲ್ಲಿ ಇಂಥ ರೋಗಿಗಳ ಪೈಕಿ ಶೇ 80ರಷ್ಟು ಜನ ಮರುಆಘಾತ ತಡೆಯುವ ಮಾತ್ರೆಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಮನಸ್ಸು ದುರ್ಬಲ ಎಂದು ಇದಕ್ಕೆ ಷರಾ ಬರೆಯುವುದು ಸುಲಭ, ಆದರೆ ಅದು ನ್ಯಾಯವಲ್ಲ. ಕಾರಣಗಳು ಬೇರೆ ಇವೆ. ಮೊದಲನೆಯದು, ಸ್ಟೆಂಟ್ ಹಾಕಿದ ಮೇಲೆ ದೇಹ ಹಗುರಾಗುತ್ತದೆ, ನೋವಿರುವುದಿಲ್ಲ. ಕಾಯಿಲೆ ವಾಸಿಯಾಯಿತು ಅನ್ನಿಸುತ್ತದೆ. ನಿಜಸ್ಥಿತಿ ಹಾಗಿಲ್ಲ. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬಿನ ಪದರ ವರ್ಷಗಟ್ಟಲೆ ಸೇರಿಕೊಂಡು, ಒಂದು ದಿನ ಅದು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ ಆಘಾತವಾಗುತ್ತದೆ. ಸ್ಟೆಂಟ್ ತೆರೆದದ್ದು ಆ ಒಂದು ಜಾಗವನ್ನು. ಅದೇ ಪದರ ಉಳಿದ ನಾಳಗಳಲ್ಲೂ ಇರುತ್ತದೆ. ಅದನ್ನು ಹಿಡಿತದಲ್ಲಿಡುವುದು ಕೊಲೆಸ್ಟ್ರಾಲ್ ಮಾತ್ರೆ, ಬಿಪಿ ಮತ್ತು ಸಕ್ಕರೆಯ ಹತೋಟಿ, ತಂಬಾಕಿಲ್ಲದ ಬದುಕು. ಇನ್ನು ರಕ್ತ ತೆಳುವಾಗಿಸುವುದು ಎಂದು ಜನ ಕರೆಯುವ ಮಾತ್ರೆಗಳಂತೂ ಸ್ಟೆಂಟಿನೊಳಗೇ ಹೆಪ್ಪುಗಟ್ಟದಂತೆ ಕಾಯುತ್ತವೆ. ಸಾಮಾನ್ಯವಾಗಿ ಮೊದಲ ಒಂದು ವರ್ಷ ಇಂಥ ಎರಡು ಮಾತ್ರೆ ಜೊತೆಯಾಗಿ ಬೇಕು. ಹಲ್ಲು ಕೀಳಿಸಬೇಕೆಂದೋ, ಗ್ಯಾಸ್ಟ್ರಿಕ್ ಆಗುತ್ತದೆಂದೋ, ಊರ ಜಾತ್ರೆಯ ಗಡಿಬಿಡಿಯಲ್ಲೋ ವೈದ್ಯರನ್ನು ಕೇಳದೆ ಇವನ್ನು ನಿಲ್ಲಿಸಿದವರು ಎರಡನೆಯ ಸಲ ಆಂಬುಲೆನ್ಸ್ ಹತ್ತಿದ ಉದಾಹರಣೆ ಪ್ರತಿ ಹೃದ್ರೋಗ ವೈದ್ಯರ ಬಳಿ ಇರುತ್ತದೆ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಜೇನು ಕುದಿಸಿದ ಕಷಾಯ ಬ್ಲಾಕ್ ಕರಗಿಸುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ಊರೂರು ಸುತ್ತುತ್ತಿದೆ. ಅದನ್ನು ಕುಡಿದು ಮಾತ್ರೆ ಬಿಟ್ಟವರ ಜೀವಕ್ಕೆ ಆ ಸಂದೇಶ ಕಳಿಸಿದವರು ಹೊಣೆಯಾಗುವುದಿಲ್ಲ.

ಎರಡನೆಯ ಕಾರಣ ಮನಸ್ಸಿನದು, ಅದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಹೃದಯಾಘಾತವಾದ ಸುಮಾರು ಐವರಲ್ಲಿ ಒಬ್ಬರಿಗೆ ತೀವ್ರ ಖಿನ್ನತೆ ಬರುತ್ತದೆ. ಇದು ಹೃದಯದ ಭವಿಷ್ಯವನ್ನೂ ಕೆಡಿಸುತ್ತದೆ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಸ್ಪಷ್ಟವಾಗಿ ಹೇಳಿತು. ಖಿನ್ನನಾದವನು ನಡೆಯಲು ಹೋಗುವುದಿಲ್ಲ, ಮಾತ್ರೆ ಮರೆಯುತ್ತಾನೆ, ಮಾತು ಕಡಿಮೆ ಮಾಡುತ್ತಾನೆ. ಮನೆಯವರು 'ಈಗ ಶಾಂತವಾಗಿದ್ದಾರೆ' ಎಂದುಕೊಳ್ಳುತ್ತಾರೆ. ರಾತ್ರಿ ಎದೆಯಲ್ಲಿ ಸಣ್ಣ ಚುಚ್ಚು ಬಂದರೂ ಬೆವರಿ ಎದ್ದು ಕೂರುವವರಿದ್ದಾರೆ. ದಾಂಪತ್ಯದ ಬಗ್ಗೆ ವೈದ್ಯರನ್ನು ಕೇಳಲು ನಾಚಿಕೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ಗಂಡ ಹೆಂಡತಿ ವರ್ಷಗಟ್ಟಲೆ ಭಯದಲ್ಲಿ ದೂರ ಉಳಿಯುತ್ತಾರೆ. ಆಯಾಸವಿಲ್ಲದೆ ಎರಡು ಮಹಡಿ ಮೆಟ್ಟಿಲು ಹತ್ತಬಲ್ಲವರಿಗೆ ಸಾಮಾನ್ಯವಾಗಿ ಅದರ ಭಯ ಬೇಡ. ಇಷ್ಟು ಹೇಳಲು ವೈದ್ಯರಿಗೆ ಒಂದು ನಿಮಿಷ ಸಾಕು.

ಕಾಯಿಲೆ ಮನುಷ್ಯನನ್ನು ಬದಲಿಸಿದ ಕಥೆಗಳು ಸುಳ್ಳಲ್ಲ. ದೊಡ್ಡ ಆಘಾತ ಕಂಡವರಲ್ಲಿ ಅನೇಕರು ಸಂಬಂಧಗಳಿಗೆ ಹೆಚ್ಚು ಬೆಲೆ ಕೊಡುತ್ತಾರೆ, ಯಾವುದು ಮುಖ್ಯ ಎಂಬ ಲೆಕ್ಕ ತಿರುವಿ ಹಾಕುತ್ತಾರೆ ಎನ್ನುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕಾಲ್ಹೌನ್ 1990ರ ದಶಕದಲ್ಲಿ ಅಳೆದು ತೋರಿಸಿದರು. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. 'ಚಿರಸ್ಮರಣೆ' ಕಾದಂಬರಿ ಬರೆದ ನಿರಂಜನ ಅವರಿಗೆ 1970ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಬಡಿಯಿತು. ಹೆಚ್ಚಾಗಿ ಮಿದುಳಿಗೆ ರಕ್ತ ಹರಿಯುವುದು ನಿಂತಾಗ ಆಗುವ ಅದು ಹೃದಯಾಘಾತದ ಹತ್ತಿರದ ನೆಂಟ. ಆಮೇಲಿನ ವರ್ಷಗಳಲ್ಲೇ ಪ್ರಾಚೀನ ಈಜಿಪ್ಟಿನ ಜನಸಾಮಾನ್ಯರ ಬಂಡಾಯದ ದೊಡ್ಡ ಕಾದಂಬರಿ 'ಮೃತ್ಯುಂಜಯ' ಬಂತು. ಜಗತ್ತಿನ ಕಥೆಗಳನ್ನು ಕನ್ನಡಕ್ಕೆ ತಂದ 25 ಸಂಪುಟಗಳ 'ವಿಶ್ವಕಥಾಕೋಶ'ದ ಪ್ರಧಾನ ಸಂಪಾದಕತ್ವವನ್ನೂ ಹೊತ್ತರು. ಅವರ ಪತ್ನಿ ಅನುಪಮಾ ನಿರಂಜನ ವೈದ್ಯೆ, ಜನರಿಗೆ ಆರೋಗ್ಯದ ತಿಳಿವಳಿಕೆ ಕೊಡುವ ಪುಸ್ತಕಗಳನ್ನು ಬರೆದವರು. ಕ್ಯಾನ್ಸರ್ ಬಂದ ಮೇಲೂ ಬರೆಯುತ್ತಲೇ ಇದ್ದರು. ಇಬ್ಬರೂ ಕಾಯಿಲೆಯನ್ನು ಗೆದ್ದರು ಎಂದು ಬರೆಯುವುದು ಸರಿಯಾಗದು. ದೇಹದಲ್ಲಿ ಉಳಿದಿದ್ದ ಶಕ್ತಿಯನ್ನು ಯಾವುದಕ್ಕೆ ಕೊಡಬೇಕು ಎಂಬುದನ್ನು ಅವರು ಸರಿಯಾಗಿ ಆರಿಸಿಕೊಂಡರು.

ಆದರೆ ಆರಿಸಿಕೊಳ್ಳುವ ಅವಕಾಶ ಎಲ್ಲರಿಗೂ ಇದೆಯೇ? ಬದುಕಿನ ಆದ್ಯತೆ ಬದಲಿಸಿ ಎನ್ನುವ ಉಪದೇಶ ಹೆಚ್ಚಾಗಿ ತಿಂಗಳ ಸಂಬಳದವರನ್ನು ನೋಡಿ ಹೇಳಿದ್ದು. ದಿನಕ್ಕೆ ಹನ್ನೆರಡು ಗಂಟೆ ಆಟೊ ಓಡಿಸುವವರಿಗೆ, ಎಪಿಎಂಸಿಯಲ್ಲಿ ಮೂಟೆ ಹೊರುವವರಿಗೆ ವಿಶ್ರಾಂತಿ ಎಂದರೆ ಅಂದಿನ ಒಲೆ ಉರಿಯದಿರುವುದು. ಮಾತ್ರೆ ಬಿಡುವವರಲ್ಲಿ ದೊಡ್ಡ ಪಾಲು ದುಡ್ಡಿಲ್ಲದೆ ಬಿಟ್ಟವರು. ಹೆಂಗಸರ ಪಾಡು ಇನ್ನೊಂದು. ಗಂಡನಿಗೆ ಅಟ್ಯಾಕ್ ಆದರೆ ಅಡುಗೆಮನೆಯೇ ಬದಲಾಗುತ್ತದೆ: ಉಪ್ಪಿನಕಾಯಿ ಜಾಡಿ ಮೇಲಿನ ಶೆಲ್ಫಿಗೆ ಹೋಗುತ್ತದೆ, ಹಪ್ಪಳ ಕರಿಯುವುದು ನಿಲ್ಲುತ್ತದೆ. ಹೆಂಡತಿಗೆ ಆದರೆ ಆಕೆ ಎರಡನೆಯ ವಾರಕ್ಕೆ ಮತ್ತೆ ಒಲೆಯ ಮುಂದೆ. ಆಕೆಗೆಂದು ಪ್ರತ್ಯೇಕ ಸಾರು ಯಾರು ಮಾಡಬೇಕು? ಹೃದಯದ ಪುನಶ್ಚೇತನ ಕಾರ್ಯಕ್ರಮಗಳಿಗೆ ಹೆಂಗಸರು ಗಂಡಸರಿಗಿಂತ ಕಡಿಮೆ ಸೇರುತ್ತಾರೆ ಎನ್ನುವುದನ್ನು ದೇಶ ದೇಶಗಳ ಅಧ್ಯಯನಗಳು ಕಂಡಿವೆ.

ಅಂದಹಾಗೆ ಆ ಪುನಶ್ಚೇತನ ಎಂದರೇನು? ವಾರಕ್ಕೆ ಕೆಲವು ದಿನ ತಜ್ಞರ ಕಣ್ಗಾವಲಿನಲ್ಲಿ ವ್ಯಾಯಾಮ, ಆಹಾರದ ಸಲಹೆ, ತಂಬಾಕು ಬಿಡಲು ನೆರವು, ಮನಸ್ಸಿನ ಭಾರ ಇಳಿಸುವ ಮಾತು, ಮಾತ್ರೆಗಳ ವಿವರಣೆ. ಇಂಥ ಕಾರ್ಯಕ್ರಮ ಹೃದಯದ ಕಾಯಿಲೆಯ ಸಾವನ್ನೂ ಮತ್ತೆ ಆಸ್ಪತ್ರೆ ಸೇರುವುದನ್ನೂ ಕಡಿಮೆ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ತಂಬಾಕು ಬಿಡುವುದೊಂದರಿಂದಲೇ ಹೃದ್ರೋಗಿಯ ಸಾವಿನ ಅಪಾಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯುತ್ತದೆ ಎಂದು 2003ರ ಒಂದು ಸಮೀಕ್ಷೆ ತೋರಿಸಿತು. ಯಾವ ದುಬಾರಿ ಚಿಕಿತ್ಸೆಗೂ ಸರಿಸಾಟಿಯಾದ ಫಲ ಇದು.

ಕಷ್ಟವೆಂದರೆ ಪಶ್ಚಿಮದ ಮಾದರಿಯ ಕೇಂದ್ರಗಳು ನಮ್ಮಲ್ಲಿ ತೀರ ಕಡಿಮೆ, ಇರುವವು ದೊಡ್ಡ ನಗರಗಳಲ್ಲಿ. ಹಾಗಾಗಿ ಭಾರತದ ಸಂಶೋಧಕರು ನಮ್ಮ ಕೈಗೆಟುಕುವ ದಾರಿ ಹುಡುಕಿದರು. ಹೃದ್ರೋಗ ತಜ್ಞ ದೊರೈರಾಜ್ ಪ್ರಭಾಕರನ್ ಅವರ ತಂಡ ದೇಶದ 24 ಆಸ್ಪತ್ರೆಗಳ 3,959 ರೋಗಿಗಳ ಮೇಲೆ 'ಯೋಗ-ಕೇರ್' ಪ್ರಯೋಗ ನಡೆಸಿತು. ಮೂರು ತಿಂಗಳಲ್ಲಿ ಹದಿಮೂರು ತರಗತಿ: ಸರಳ ಆಸನ, ಉಸಿರಾಟ, ಧ್ಯಾನ, ಜೀವನಶೈಲಿಯ ಮಾತುಕತೆ. 2020ರಲ್ಲಿ ಫಲಿತಾಂಶ ಬಂತು. ಸಾವು, ಮರುಆಘಾತಗಳಲ್ಲಿ ಖಚಿತವೆನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ, ಇದನ್ನು ಮುಚ್ಚಿಡಬಾರದು. ಆದರೆ ಯೋಗ ಕಲಿತವರು ತಮ್ಮ ಆರೋಗ್ಯ ಸುಧಾರಿಸಿದೆ ಎಂದರು, ಹಿಂದಿನ ಕೆಲಸ ಕಾರ್ಯಗಳಿಗೆ ಹೆಚ್ಚಾಗಿ ಮರಳಿದರು. ಮಾತ್ರೆಗೆ ಬದಲಾಗಿ ಯೋಗ ಎಂದು ಇದನ್ನು ಯಾರೂ ಓದಿಕೊಳ್ಳಬಾರದು. ಅವರೆಲ್ಲ ಮಾತ್ರೆಯ ಚಿಕಿತ್ಸೆಯ ಜೊತೆಗೇ ಯೋಗ ಮಾಡಿದವರು.

ಇನ್ನೊಂದು ಪ್ರಯೋಗ ಬೆಂಗಳೂರಿನದೇ. ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಡೆನಿಸ್ ಕ್ಸೇವಿಯರ್ ನೇತೃತ್ವದಲ್ಲಿ ದೇಶದ 14 ಆಸ್ಪತ್ರೆಗಳಿಂದ ಬಿಡುಗಡೆಯಾದ ಸುಮಾರು 800 ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಲಾಯಿತು. ಅರ್ಧ ಜನಕ್ಕೆ ಎಂದಿನ ಚಿಕಿತ್ಸೆ. ಉಳಿದವರ ಜೊತೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಆಗಾಗ ಕೂತು ಮಾತ್ರೆ, ಊಟ, ನಡಿಗೆ, ತಂಬಾಕಿನ ಬಗ್ಗೆ ವಿಚಾರಿಸಿದರು, ಎಲ್ಲಿ ತೊಡಕಾಗಿದೆ ಎಂದು ಕೇಳಿದರು. ಅವರು ವೈದ್ಯರಲ್ಲ. ವರ್ಷದ ಕೊನೆಗೆ ಅವರು ವಿಚಾರಿಸಿದ ಗುಂಪಿನ ಶೇ 97ರಷ್ಟು ಜನ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದರು, ಇನ್ನೊಂದು ಗುಂಪಿನಲ್ಲಿ ಶೇ 92. ಬಿಪಿ, ತೂಕ, ತಂಬಾಕು, ಊಟ ಇವುಗಳಲ್ಲೂ ಸುಧಾರಣೆ ಕಂಡಿತು. 2016ರಲ್ಲಿ ಪ್ರಕಟವಾದ ಈ ಕೆಲಸ ಹೇಳುವುದು ಸರಳ. ಐಸಿಯುನ ಪ್ರತಿಜ್ಞೆಯನ್ನು ವರ್ಷದ ಕೊನೆಯವರೆಗೆ ಉಳಿಸಲು ದೊಡ್ಡ ಯಂತ್ರ ಬೇಡ, ಬಿಡದೆ ವಿಚಾರಿಸುವ ಒಬ್ಬ ಮನುಷ್ಯ ಬೇಕು.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಸಾಲಾಗಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆಂದು ಜನ ಮುಗಿಬಿದ್ದರು. ಅದಕ್ಕೂ ಮೊದಲು 2021ರ ಅಕ್ಟೋಬರ್ 29ರಂದು 46ರ ನಟ ಪುನೀತ್ ರಾಜಕುಮಾರ್ ಹೋದಾಗಲೂ ಹೀಗೇ ಆಗಿತ್ತು. ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆ ಒಳ್ಳೆಯ ಹೆಜ್ಜೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಮೊದಲ ಒಂದು ಗಂಟೆಗೆ ಸರ್ಕಾರ ಕೈ ಹಿಡಿಯಿತು. ಆಮೇಲಿನ ಒಂದು ವರ್ಷಕ್ಕೂ ಹಿಡಿಯಬೇಕು. ಹಳ್ಳಿಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಪಟ್ಟಣಗಳಲ್ಲಿ ಸರ್ಕಾರದ 'ನಮ್ಮ ಕ್ಲಿನಿಕ್' ಇದೆ. ಹೃದಯಾಘಾತದಿಂದ ಉಳಿದು ಊರಿಗೆ ಮರಳಿದ ಪ್ರತಿಯೊಬ್ಬರ ಹೆಸರು ಇವರ ಪಟ್ಟಿಗೆ ಸೇರಬೇಕು, ಮಾತ್ರೆ ಅಲ್ಲೇ ಉಚಿತವಾಗಿ ಸಿಗಬೇಕು. ಬಾಣಂತಿಯ ಮನೆಗೆ ತಪ್ಪದೆ ಹೋಗುವ ವ್ಯವಸ್ಥೆಯನ್ನು ಕಟ್ಟಿದ ರಾಜ್ಯಕ್ಕೆ ಇದು ಆಗದ ಕೆಲಸವಲ್ಲ.

ಅಲ್ಲಿಯವರೆಗೆ ರೋಗಿಯ ಜೊತೆ ಆಸ್ಪತ್ರೆಗೆ ಹೋದವರು ಡಿಸ್ಚಾರ್ಜ್ ದಿನ ಅವಸರ ಮಾಡಬೇಡಿ. ಯಾವ ಮಾತ್ರೆ ಯಾತಕ್ಕೆ, ಯಾವುದನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು, ನಾಳೆಯಿಂದ ಎಷ್ಟು ದೂರ ನಡೆಯಬಹುದು, ಕೆಲಸಕ್ಕೆ ಯಾವಾಗ ಹೋಗಬಹುದು, ಮನಸ್ಸು ಕುಗ್ಗಿದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ. ಡಾಕ್ಟರಿಗೆ ಬಿಡುವಿಲ್ಲದಿದ್ದರೆ ನರ್ಸ್ ಅವರನ್ನು ಕೇಳಿ. ಉತ್ತರಗಳನ್ನು ಅದೇ ಹಾಳೆಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ.